ಪೆನ್ನಿಗೂ ಪಲ್ಸ್ ತೋರಿಸುವ ಹೆಲ್ತ್ ಮಾನಿಟರ್: 14,000 ಕೊಟ್ಟು ಮೋಸ ಹೋದೆವು, ನೀವು ಹೋಗಬೇಡಿ

ಫೈನಲ್ ಇಯರ್ ಪ್ರಾಜೆಕ್ಟ್‌ಗೆ ರೆಡಿಮೇಡ್ ಹೆಲ್ತ್ ಮಾನಿಟರ್ ತಗೊಳ್ಳಲು ಹೊರಟಿರುವವರು ದಯವಿಟ್ಟು ಇದನ್ನು ಓದಿ. ಅಡ್ವಾನ್ಸ್ ಕೊಡುವ ಮುಂಚೆ ಓದಿ. ಕೊಟ್ಟಾಗಿದ್ದರೆ ಬಾಕಿ ದುಡ್ಡು ಕೊಡುವ ಮುಂಚೆಯಾದರೂ ಓದಿ.

ಪ್ರಾಜೆಕ್ಟ್ ಮಾಡಿಕೊಡುವ ಆ ಸೆಂಟರ್ ಹೆಸರು ಹಾಕುತ್ತಿಲ್ಲ. ಬೆಂಗಳೂರಿನಲ್ಲಿದೆ, ಎರಡನೇ ಮಹಡಿ, ಕೆಳಗೆ ಜೆರಾಕ್ಸ್ ಅಂಗಡಿ. ಇಂಥವು ಬೇಕಾದಷ್ಟಿವೆ ಅಂತ ನನಗೂ ಗೊತ್ತು. ಹೆಸರು ಹಾಕಿದರೆ ಅವರ ಫೋನ್ ಬರುತ್ತದೆ. ಒಂದು ಸಲ ಆಗಲೇ ಬಂದಿದೆ.

ದುಡ್ಡು ಕೊಟ್ಟು ಪ್ರಾಜೆಕ್ಟ್ ತಗೊಂಡಿದ್ದೇ ತಪ್ಪು ಅಂತ ಬೈಯುವವರು ಬೈಯಿರಿ. ಸರಿಯೇ. ಆದರೆ ನನಗೆ ಕೆಲಸ ಬರುವುದಿಲ್ಲ ಅಂತಲ್ಲ. ಪಿಯುಸಿಯಿಂದಲೇ ಎಸ್‌ಪಿ ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡಿ ಸುತ್ತಿದವನು ನಾನು. ಟ್ಯಾಂಕ್ ತುಂಬಿದರೆ ಕೂಗುವ ಅಲಾರಂ ನಮ್ಮ ಮನೆಯಲ್ಲಿ ಇವತ್ತಿಗೂ ಕೂಗುತ್ತದೆ, ನಾನೇ ಮಾಡಿದ್ದು. ಹೆಲ್ತ್ ಮಾನಿಟರ್ ಕೂಡ ನಾನೇ ಶುರು ಮಾಡಿದ್ದೆ. ಬೆರಳಿನಿಂದ ಪಲ್ಸ್, ರಕ್ತದ ಆಕ್ಸಿಜನ್ ಅಳೆಯುವ ಮ್ಯಾಕ್ಸ್30100 ಸೆನ್ಸರ್ ಮಾಡ್ಯೂಲ್ ತಂದು ಆರ್ಡುಯಿನೋ ಯುನೋ ಅನ್ನುವ ಚಿಕ್ಕ ಕಂಟ್ರೋಲರ್ ಬೋರ್ಡಿಗೆ ಜೋಡಿಸಿದೆ. ಬೋರ್ಡ್ ಏನು ಹೇಳುತ್ತಿದೆ ಅಂತ ಲ್ಯಾಪ್‌ಟಾಪಿನಲ್ಲಿ ತೋರಿಸುವ ಸೀರಿಯಲ್ ಮಾನಿಟರ್ ತೆರೆದರೆ ಬರೀ 'ಫೇಲ್ಡ್'. ವೈರ್ ಬದಲಿಸಿದೆ, ಫೇಲ್ಡ್. ಇನ್ನೊಂದು ಮಾಡ್ಯೂಲ್ ತಂದೆ, ಅದೂ ಫೇಲ್ಡ್. ಮೂರು ವಾರ ಹೀಗೇ ಹೋಯಿತು. ನನ್ನ ಸೋಲ್ಡರಿಂಗೇ ಸರಿ ಇಲ್ಲ ಅಂದುಕೊಂಡು ರಾತ್ರಿಯೆಲ್ಲ ಅದನ್ನೇ ಮತ್ತೆ ಮತ್ತೆ ಮಾಡಿದ್ದೇನೆ. ಅಸಲಿ ಕಾರಣ ಬೇರೆ. ಆ ಮಾಡ್ಯೂಲಿನ ಹಸಿರು ಬೋರ್ಡಿನಲ್ಲಿ ಸಿಗ್ನಲ್ ವೈರಿನ ವೋಲ್ಟೇಜ್ ಮೇಲೆತ್ತಿ ಹಿಡಿಯುವ ಪುಲ್‌ಅಪ್ ರೆಸಿಸ್ಟರ್‌ಗಳನ್ನು 1.8 ವೋಲ್ಟ್‌ಗೆ ಕಟ್ಟಿರುತ್ತಾರೆ. ಯುನೋಗೆ ಆ ವೋಲ್ಟೇಜ್ ಸಾಲುವುದೇ ಇಲ್ಲ. ಮೂರು ಚಿಕ್ಕ ರೆಸಿಸ್ಟರ್ ಕಿತ್ತು ಹೊರಗಿನಿಂದ ಬೇರೆ ಹಾಕಿದರೆ ಕೆಲಸ ಮಾಡುತ್ತದೆ. ಇದೆಲ್ಲ ಗೊತ್ತಾಗಿದ್ದು ದುಡ್ಡು ಹೋದ ಮೇಲೆ.

ರಿವ್ಯೂ ಹತ್ತಿರ ಬಂತು. ಗೈಡ್ ದಿನಾ ಕೇಳುತ್ತಿದ್ದರು. ಟೀಮಿನ ಉಳಿದ ಮೂವರು ಏನೂ ಕೇಳುತ್ತಿರಲಿಲ್ಲ, ಅದೇ ಜಾಸ್ತಿ ಕಷ್ಟ. ಆಗ ಒಬ್ಬ ಸೀನಿಯರ್ ನಂಬರ್ ಕೊಟ್ಟ. "ಅಣ್ಣ ಚೆನ್ನಾಗಿ ಮಾಡ್ಕೊಡ್ತಾರೆ ಮಗಾ, ನಂದೂ ಅಲ್ಲೇ ಮಾಡ್ಸಿದ್ದು."

ರೇಟು 14,000. ಅಡ್ವಾನ್ಸ್ 5,000, ಬಾಕ್ಸ್ ಕೈಗೆ ಬಂದಾಗ 9,000. ರಿಪೋರ್ಟ್, ಪಿಪಿಟಿ ಎಲ್ಲ ಸೇರಿ. ಅದರೊಳಗಿರುವ ಸಾಮಾನಿನ ಬೆಲೆ 1,500 ದಾಟುವುದಿಲ್ಲ ಅಂತ ನನಗೆ ಅವತ್ತೇ ಗೊತ್ತಿತ್ತು. ಕೆಲಸದ ಕೂಲಿ ಅಂದುಕೊಂಡೆ.

ಡೆಮೊ ನೋಡಿ ನಾನು ಬಿದ್ದುಹೋದೆ, ನಿಜ. ಕಪ್ಪು ಅಕ್ರಿಲಿಕ್ ಪೆಟ್ಟಿಗೆ, ಮೇಲೆ ನೀಲಿ ಎಲ್‌ಸಿಡಿ, ಬೆರಳಿಗೆ ಕ್ಲಿಪ್, ಒಳಗೆ ಕೆಂಪು ಬೆಳಕು. ಪಲ್ಸ್ 74. ಆಕ್ಸಿಜನ್ 97. ಇಎಸ್‌ಪಿ-01 ಅನ್ನುವ ಚಿಕ್ಕ ಮಾಡ್ಯೂಲ್ ವೈಫೈಗೆ ಕನೆಕ್ಟ್ ಆಗಿ, ರೀಡಿಂಗ್‌ಗಳನ್ನು ಗ್ರಾಫ್‌ನಲ್ಲಿ ತೋರಿಸುವ ವೆಬ್‌ಸೈಟ್ ಥಿಂಗ್‌ಸ್ಪೀಕ್‌ಗೆ ಕಳಿಸುತ್ತಿತ್ತು. ಹದಿನೈದು ಇಪ್ಪತ್ತು ಸೆಕೆಂಡಿಗೊಮ್ಮೆ ನನ್ನ ಫೋನಿನಲ್ಲಿ ಒಂದೊಂದು ಚುಕ್ಕೆ ಬೀಳುತ್ತಿತ್ತು. ಟೆಂಪರೇಚರ್‌ಗೆ ಎಲ್‌ಎಂ35 ಇತ್ತು, ಕೈಯಲ್ಲಿ ಹಿಡಿದರೆ ನಿಧಾನಕ್ಕೆ ಏರುತ್ತಿತ್ತು, ಬಿಟ್ಟರೆ ಇಳಿಯುತ್ತಿತ್ತು. ಈ ಒಂದು ಮಾತ್ರ ನಿಜವಾದ ಸೆನ್ಸರ್. ಅದನ್ನು ನೋಡಿಯೇ ಉಳಿದದ್ದನ್ನೂ ನಂಬಿದ್ದು.

ಸೆಂಟರ್‌ನವನು ಎರಡು ಮಾತು ಹೇಳಿದ. ಎರಡನ್ನೂ ಓದಿ, ಯಾಕಂದ್ರೆ ನಿಮಗೂ ಹೇಳುತ್ತಾನೆ. "ಬೆರಳು ಹಾಕಿದ ಮೇಲೇನೇ ಆನ್ ಮಾಡ್ಬೇಕು ಬ್ರೋ. ತೆಗೆಯೋಕ್ ಮುಂಚೆ ಆಫ್ ಮಾಡ್ಬೇಕು. ಇಲ್ಲಾಂದ್ರೆ ಕ್ಯಾಲಿಬ್ರೇಷನ್ ಹೋಗುತ್ತೆ." ಇನ್ನೊಂದು, "ಕ್ಲಿಪ್ ಬಿಚ್ಚಬೇಡಿ, ವಾರಂಟಿ ಇರಲ್ಲ." ಕ್ಲಿಪ್ಪನ್ನು ಗ್ಲೂ ಗನ್ನಿನಲ್ಲಿ ಪೂರ್ತಿ ಮುಚ್ಚಿದ್ದರು. ನಾನು ತಲೆ ಆಡಿಸಿದೆ. ನಾಲ್ಕು ವರ್ಷ ಎಲೆಕ್ಟ್ರಾನಿಕ್ಸ್ ಓದಿದವನು ತಲೆ ಆಡಿಸಿದೆ! ಹೊರಡುವಾಗ ಆತ ಕ್ಲಿಪ್ಪಿನಲ್ಲಿ ನನ್ನ ಬೆರಳಿಟ್ಟು ಒಂದು ಫೋಟೋ ತೆಗೆದುಕೊಂಡ. "ಹ್ಯಾಪಿ ಕಸ್ಟಮರ್ ಆಲ್ಬಮ್‌ಗೆ."

ಮುಂದಿನದನ್ನು ಬರೆಯಲು ನಾಚಿಕೆಯಾಗುತ್ತದೆ. ವೈವಾಗೆ ಎರಡು ವಾರ ಇರುವಾಗ ಪೆಟ್ಟಿಗೆಯನ್ನು ಊರಿಗೆ ತಗೊಂಡು ಹೋದೆ. ತುಮಕೂರಿನ ಹತ್ತಿರ ನಮ್ಮೂರು. ಅಜ್ಜಿಗೆ ಕೆಮ್ಮು, ಸ್ವಲ್ಪ ಏದುಸಿರು ಇತ್ತು. ಬೆರಳಿಗೆ ಹಾಕಿದೆ, 97. ಅಜ್ಜಿಗೆ ಖುಷಿಯೋ ಖುಷಿ. "ನಮ್ ಮಗ ಮಿಷನ್ನು ಮಾಡವ್ನೆ" ಅಂತ ಪಕ್ಕದ ಮನೆಯವರನ್ನೂ ಕರೆದಳು. ಮಾರನೇ ದಿನ ಭಾನುವಾರ. ಅಪ್ಪನ ಮೊಬೈಲ್ ಹಾಟ್‌ಸ್ಪಾಟ್‌ಗೆ ಹಾಕಿ, ಪೆಟ್ಟಿಗೆಯನ್ನು ಅಜ್ಜಿಯ ಹತ್ತಿರ ಬಿಟ್ಟು, ಟೌನಿನಲ್ಲಿ ಸ್ನೇಹಿತನ ಮನೆಗೆ ಹೋದೆ. ಬಸ್ಸಿನಲ್ಲಿ ಕೂತು ಫೋನ್ ನೋಡುತ್ತಿದ್ದೆ. 96, 98, 97. ಮಧ್ಯಾಹ್ನ ಅಪ್ಪ ಫೋನ್ ಮಾಡಿ "ಅಜ್ಜಿನ ಡಾಕ್ಟರ್ ಹತ್ರ ಕರ್ಕೊಂಡ್ ಹೋಗ್ಲೇನೋ" ಅಂದರು. "ಬೇಡ ಅಪ್ಪ, ಆಕ್ಸಿಜನ್ 97 ಇದೆ, ನಾಳೆ ನೋಡೋಣ" ಅಂದವನು ನಾನೇ.

ಮಾರನೇ ದಿನ ಡಾಕ್ಟರ ಕ್ಲಿಪ್ಪಿನಲ್ಲಿ 91 ಬಂತು. ಎದೆಯಲ್ಲಿ ಇನ್‌ಫೆಕ್ಷನ್ ಅಂದರು. ಮಾತ್ರೆ, ಇಂಜೆಕ್ಷನ್ ಆಯಿತು, ಈಗ ಅಜ್ಜಿ ಓಡಾಡುತ್ತಾಳೆ. ಆವತ್ತೇ ಸೆಂಟರ್‌ಗೆ ಮೆಸೇಜ್ ಹಾಕಿದ್ದೆ, ನಮ್ಮದರಲ್ಲಿ ಯಾಕೆ 97 ತೋರಿಸಿತು ಅಂತ. ಬಂದ ಉತ್ತರ: "ಡಾಕ್ಟರ್ ಮಿಷನ್ ಹಳೇದಿರ್ಬೇಕು ಬ್ರೋ." ನಾನು ನಂಬಿದೆ. ನಂಬಿದೆ ನೋಡಿ.

ವೈವಾ ದಿನ. ಎಕ್ಸ್‌ಟರ್ನಲ್ ಎಕ್ಸಾಮಿನರ್ ಬೇರೆ ಕಾಲೇಜಿನ ಮೇಡಂ, ವಯಸ್ಸಾದವರು, ಮೆತ್ತಗೆ ಮಾತಾಡುತ್ತಿದ್ದರು. ನಾನು ಬೆರಳು ಹಾಕಿ ಆನ್ ಮಾಡಿ ಎಲ್ಲ ವಿವರಿಸಿದೆ. ಕೆಂಪು ಬೆಳಕು 660 ನ್ಯಾನೋಮೀಟರ್, ಇನ್‌ಫ್ರಾರೆಡ್ 880, ಆಕ್ಸಿಜನ್ ಇರುವ ರಕ್ತ, ಇಲ್ಲದ ರಕ್ತ ಇವೆರಡನ್ನು ಬೇರೆ ಬೇರೆಯಾಗಿ ಹೀರಿಕೊಳ್ಳುತ್ತವೆ, ಎಲ್ಲ. ಚೆನ್ನಾಗಿಯೇ ಹೇಳಿದೆ. ಅವರು "ಗುಡ್" ಅಂದು "ಕೊಡಪ್ಪ ಇಲ್ಲಿ" ಅಂತ ಕ್ಲಿಪ್ ಇಸಿದುಕೊಂಡರು. ಆಫ್ ಮಾಡಲು ನನಗೆ ಟೈಮೇ ಸಿಗಲಿಲ್ಲ. ಅದು ಅವರ ಕೈಯಲ್ಲಿತ್ತು, ಒಳಗೆ ಯಾರ ಬೆರಳೂ ಇಲ್ಲ. ಎಲ್‌ಸಿಡಿಯಲ್ಲಿ ಪಲ್ಸ್ 72. ಆಕ್ಸಿಜನ್ 98.

ಅವರು ನನ್ನನ್ನು ನೋಡಿದರು. ಮೇಜಿನ ಮೇಲಿದ್ದ ಬಾಲ್‌ಪೆನ್ ತೆಗೆದು ಕ್ಲಿಪ್ಪಿಗೆ ಸಿಕ್ಕಿಸಿದರು. 76. 97.

"ಪೆನ್ನಿನ ಆರೋಗ್ಯ ಚೆನ್ನಾಗಿದೆಯಲ್ಲಪ್ಪ" ಅಂದರು.

ಯಾರೂ ನಗಲಿಲ್ಲ. ನಕ್ಕಿದ್ದರೆ ಎಷ್ಟೋ ವಾಸಿ ಇತ್ತು. ನಮ್ಮ ಗೈಡ್ ಕಿಟಕಿ ಕಡೆ ನೋಡುತ್ತಿದ್ದರು. ನಾನು "ಕ್ಯಾಲಿಬ್ರೇಷನ್ ಹೋಗಿರಬೇಕು ಮೇಡಂ" ಅಂದೆ. ಆ ಕಳ್ಳನ ಮಾತು ನನ್ನ ಬಾಯಿಂದ ಬಂತು! ಅದನ್ನು ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ. ಮೇಡಂ ಮುಂದೆ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಪಾಸ್ ಆದೆವು, ಮಾರ್ಕ್ಸ್ ಹೇಳುವಂತಿಲ್ಲ.

ಆ ರಾತ್ರಿ ರೂಮಿನಲ್ಲಿ ಕೂತು ಮಾಡಿದ್ದು ಇಷ್ಟು. ಆನ್ ಮಾಡಿ ಮೊದಲ ಹತ್ತು ಪಲ್ಸ್ ನಂಬರ್ ಬರೆದುಕೊಂಡೆ. ಆಫ್ ಮಾಡಿ ಆನ್ ಮಾಡಿದೆ. ಅದೇ ಹತ್ತು ನಂಬರ್, ಅದೇ ಸಾಲಿನಲ್ಲಿ. ಮೂರನೇ ಸಲವೂ ಅದೇ. ಆರ್ಡುಯಿನೋದಲ್ಲಿ ಸುಮ್ಮನೆ ಯಾವುದೋ ನಂಬರ್ ಕೊಡುವ ರ‍್ಯಾಂಡಮ್‌ಗೆ ಸೀಡ್ (ಶುರುವಿನ ನಂಬರ್) ಕೊಡದಿದ್ದರೆ ಪ್ರತಿ ಸಲ ಹೀಗೇ ಆಗುತ್ತದೆ. ಮೋಸ ಮಾಡುವುದಕ್ಕೂ ಒಂದು ಲೈನ್ ಜಾಸ್ತಿ ಬರೆದಿಲ್ಲ ಅವರು. ಒಂದು ಗಂಟೆ ನೋಡಿದೆ, ಆಕ್ಸಿಜನ್ 95, 96, 97, 98 ಇಷ್ಟೇ. 94 ಇಲ್ಲ, 99 ಇಲ್ಲ. ರ‍್ಯಾಂಡಮ್‌ಗೆ 95, 99 ಅಂತ ಕೊಟ್ಟರೆ 98ಕ್ಕೇ ನಿಲ್ಲುತ್ತದೆ ಅಂತ ಕೋಡ್ ಬರೆದವರಿಗೆ ಗೊತ್ತು.

ಆಮೇಲೆ ಕ್ಲಿಪ್ ಒಡೆದೆ. ಒಳಗೆ ಒಂದು ಮಾಮೂಲಿ ಕೆಂಪು ಎಲ್‌ಇಡಿ, ಒಂದು 220 ಓಮ್ ರೆಸಿಸ್ಟರ್. ಅಷ್ಟೇ. ಸೆನ್ಸರ್ ಇಲ್ಲವೇ ಇಲ್ಲ! ಬಂದಿದ್ದ ನಾಲ್ಕು ವೈರಿನಲ್ಲಿ ಎರಡರ ತುದಿ ಗ್ಲೂ ಒಳಗೆ ಸುಮ್ನೆ ಕೂತಿದ್ದವು. ಆದರೆ ರಿಪೋರ್ಟಿನ ಕೊನೆಯಲ್ಲಿ ಅಚ್ಚಾಗಿದ್ದ ಕೋಡ್ ಸರಿಯಾಗಿಯೇ ಇತ್ತು, ಮ್ಯಾಕ್ಸ್30102 ಅನ್ನುವ ಅದೇ ಜಾತಿಯ ಸೆನ್ಸರಿನದ್ದು. ಅದನ್ನು ಟೈಪ್ ಮಾಡಿ ಬೋರ್ಡಿಗೆ ಹಾಕಿದೆ. 'ಸೆನ್ಸರ್ ಸಿಗಲಿಲ್ಲ' ಅಂತ ಬಂತು. ರಿಪೋರ್ಟಿನಲ್ಲಿ ಒಂದು ಕೋಡ್, ಬೋರ್ಡಿನಲ್ಲಿ ಇನ್ನೊಂದು.

ಅಮ್ಮನಿಗೆ ಫೋನ್ ಮಾಡಿದೆ. ಏನೂ ಹೇಳಲಿಲ್ಲ, ಸುಮ್ನೆ ಕೇಳಿದೆ, ಆ ಭಾನುವಾರ ಅಜ್ಜಿ ಕ್ಲಿಪ್ ಹಾಕಿಕೊಂಡೇ ಇದ್ದಳಾ ಅಂತ. "ಎಲ್ಲೀದು, ಬೆರಳು ನೋಯ್ತದೆ ಅಂತ ಬೆಳಿಗ್ಗೇನೇ ತೆಗೆದು ಕಿಟಕಿ ಮೇಲೆ ಇಟ್ಟಿದ್ರಲ್ಲ" ಅಂದರು. ಬಸ್ಸಿನಲ್ಲಿ ನಾನು ನೋಡುತ್ತಾ ಕೂತಿದ್ದು ಕಿಟಕಿಯ ಆಕ್ಸಿಜನ್ನು. ಇದನ್ನು ಮನೆಯಲ್ಲಿ ಇನ್ನೂ ಹೇಳಿಲ್ಲ.

ಸೆಂಟರ್‌ನವನ ಉತ್ತರಗಳನ್ನು ಇದ್ದ ಹಾಗೇ ಹಾಕುತ್ತೇನೆ.

ಸೆನ್ಸರ್ ಎಲ್ಲಿ ಅಂತ ಕೇಳಿದ್ದಕ್ಕೆ: "ನಿಮ್ಮದು ಡೆಮೊ ವರ್ಷನ್ ಬ್ರೋ."

14,000 ಕೊಟ್ಟಿದ್ದು ಡೆಮೊಗಾ ಅಂದಿದ್ದಕ್ಕೆ: "ಒರಿಜಿನಲ್ ಸೆನ್ಸರ್ ಹಾಕಿದ್ರೆ ರೀಡಿಂಗ್ ಆ ಕಡೆ ಈ ಕಡೆ ಆಗುತ್ತೆ, ವೈವಾದಲ್ಲಿ ನಿಮಗೇ ಪ್ರಾಬ್ಲಮ್. ನಿಮ್ಮ ಒಳ್ಳೇದಕ್ಕೇ ಮಾಡಿದ್ದು."

ನಮ್ಮಜ್ಜಿಗೆ ಹಾಕಿದ್ದೆ ಅಂದಿದ್ದಕ್ಕೆ: "ಕಾಲೇಜ್ ಪ್ರಾಜೆಕ್ಟ್‌ನ ಮನೇಲಿ ಯಾರಾದ್ರೂ ಯೂಸ್ ಮಾಡ್ತಾರಾ?"

ಈ ಮೂರನೆಯದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಅದೇ ಜಾಸ್ತಿ ಸಿಟ್ಟು.

ದುಡ್ಡು ವಾಪಸ್ ಕೊಡಿ ಅಂದೆ. ಎರಡು ದಿನ ಬ್ಲೂ ಟಿಕ್. ಮೂರನೇ ದಿನ: "ರೀಫಂಡ್ ಆಗಲ್ಲ. ಜೂನಿಯರ್ಸ್ ಕರ್ಕೊಂಡ್ ಬನ್ನಿ, ಒಂದು ಟೀಮಿಗೆ 1,000 ಕೊಡ್ತೀವಿ. ನಿಮ್ಮ ಸೀನಿಯರ್‌ಗೂ ಕೊಟ್ಟಿದೀವಿ." ಓಹೋ! ಅಂದರೆ ನಮ್ಮ 14,000ದಲ್ಲಿ 1,000 ಆ 'ಮಗಾ' ಅಂದವನ ಜೇಬಿಗೆ. ಅವನಿಗೆ ಫೋನ್ ಮಾಡಿದರೆ ಎತ್ತುತ್ತಿಲ್ಲ. ಅವನ ಪ್ರಾಜೆಕ್ಟಿನಲ್ಲೂ ಎಲ್‌ಇಡಿಯೇ ಇತ್ತೋ ಏನೋ, ಎಕ್ಸ್‌ಟರ್ನಲ್ ಕೈಗೆ ಇಸಿದುಕೊಂಡಿಲ್ಲ ಅಷ್ಟೇ.

ತಗೊಳ್ಳಲೇಬೇಕು ಅನ್ನುವವರು ಅಂಗಡಿಯಲ್ಲೇ, ಅವನ ಎದುರಿಗೇ ಬೆರಳು ತೆಗೆಯಿರಿ. ನಿಜವಾದ ಸೆನ್ಸರ್ ತಡವರಿಸುತ್ತದೆ, ಸೊನ್ನೆ ತೋರಿಸುತ್ತದೆ, ಹುಚ್ಚುಚ್ಚು ನಂಬರ್ ಕೊಡುತ್ತದೆ, ಒಳ್ಳೆಯ ಹುಡುಗನ ಹಾಗೆ 97 ಅನ್ನುತ್ತಾ ಕೂರುವುದಿಲ್ಲ. ಎರಡು ಮಹಡಿ ಮೆಟ್ಟಿಲು ಓಡಿ ಹತ್ತಿ ಬಂದು ಮತ್ತೆ ಹಾಕಿ, ಪಲ್ಸ್ ಏರದಿದ್ದರೆ ಎದ್ದು ಬನ್ನಿ. ಕೋಡನ್ನು ನಿಮ್ಮ ಲ್ಯಾಪ್‌ಟಾಪಿನಿಂದ ನೀವೇ ಅಪ್‌ಲೋಡ್ ಮಾಡದೆ ಬಾಕಿ ದುಡ್ಡು ಕೊಡಬೇಡಿ. ಬೋರ್ಡಿಗೆ ಯಾವ ಸೆನ್ಸರ್ ಜೋಡಿಸಿದೆ ಅಂತ ಹುಡುಕುವ ಐ2ಸಿ ಸ್ಕ್ಯಾನರ್ ಕೋಡ್ ಓಡಿಸಿದರೆ ಈ ಮ್ಯಾಕ್ಸ್ ಸೆನ್ಸರ್‌ಗಳು ಹೆಕ್ಸ್ 57 (0x57) ಅಂತ ವಿಳಾಸ ತೋರಿಸಬೇಕು. ಮತ್ತೆ, ಗ್ಲೂ ಹಾಕಿ ಮುಚ್ಚಿದ್ದನ್ನು ಮುಟ್ಟಬೇಡಿ ಅಂದರೆ ಮೊದಲು ಅದನ್ನೇ ಮುಟ್ಟಿ.

ಮ್ಯಾಕ್ಸ್30100ರಲ್ಲಿ 'ಫೇಲ್ಡ್' ಬರುತ್ತಿದ್ದರೆ ನನಗೆ ಮೆಸೇಜ್ ಮಾಡಿ. ಯಾವ ಮೂರು ರೆಸಿಸ್ಟರ್ ಅಂತ ಫೋಟೋ ಕಳಿಸುತ್ತೇನೆ. ದುಡ್ಡು ಬೇಡ.

ಇಷ್ಟು ಬರೆದು ನಿಲ್ಲಿಸಬೇಕು ಅನ್ನುವಾಗ ಆ ಸೆಂಟರ್‌ನವನ ವಾಟ್ಸಾಪ್ ಸ್ಟೇಟಸ್ ನೋಡಿದೆ. ಹೊಸ ಬ್ಯಾಚ್‌ಗೆ ಬುಕಿಂಗ್ ಶುರು, ರಿಪೋರ್ಟ್ ಬೈಂಡಿಂಗ್ ಫ್ರೀ. ಕೆಳಗೆ ಫೋಟೋ: ಕಪ್ಪು ಪೆಟ್ಟಿಗೆ, ನೀಲಿ ಎಲ್‌ಸಿಡಿ, 97. ಕ್ಲಿಪ್ಪಿನಲ್ಲಿರುವುದು ನನ್ನ ಬೆರಳು. ಸೋಲ್ಡರಿಂಗ್ ಐರನ್ ತಾಗಿದ ಸುಟ್ಟ ಕಲೆ ಸಮೇತ ಕಾಣುತ್ತಿದೆ. ಆ ಫೋಟೋ ಡಿಲೀಟ್ ಮಾಡಿ ಅಂತ ಕೂಡಲೇ ಮೆಸೇಜ್ ಹಾಕಿದೆ. ಈ ಸಲ ಎರಡು ದಿನ ಕಾಯಿಸಲಿಲ್ಲ, ತಕ್ಷಣ ಉತ್ತರ ಬಂತು.

"ಮುಖ ಕಾಣಲ್ವಲ್ಲ ಬ್ರೋ, ಏನಾಗುತ್ತೆ ಬಿಡಿ."