ಫಿಸಿಕ್ಸ್ ಲೆಕ್ಕಕ್ಕೆ ಯಾವುದು ವಾಸಿ: ಎನ್‌ಪಿಟಿಇಎಲ್, ಐಸಾಕ್, ಎಂಐಟಿ?

ವಿಡಿಯೊ ನೋಡುವಾಗ ಎಲ್ಲ ಅರ್ಥವಾಗುತ್ತೆ, ಲೆಕ್ಕಕ್ಕೆ ಕೂತರೆ ಕೈ ಓಡಲ್ಲ. ಶಂಕರಘಟ್ಟದ ನಮ್ಮ ಹಾಸ್ಟೆಲ್‌ನಲ್ಲಿ ಇದು ಎಲ್ಲರ ಗೋಳು. ನಾನು ಬಳಸಿ ನೋಡಿದ ಮೂರು ತಾಣಗಳನ್ನು ಇದೊಂದೇ ವಿಷಯಕ್ಕೆ ಹೋಲಿಸುತ್ತೇನೆ.

ಐಐಟಿಗಳು ಮತ್ತು ಐಐಎಸ್ಸಿ ಸೇರಿ ನಡೆಸುವ ಎನ್‌ಪಿಟಿಇಎಲ್ ಪಾಠಕ್ಕೆ ಗಟ್ಟಿ. ವಾರವಾರ ಅಸೈನ್‌ಮೆಂಟ್ ಇರುವುದರಿಂದ ಓದು ಹಿಂದೆ ಬೀಳಲ್ಲ. ಆದರೆ ನನಗೆ ಸಿಕ್ಕಿದ್ದು ಹೆಚ್ಚಾಗಿ ಆಯ್ಕೆಯ ಪ್ರಶ್ನೆಗಳೇ. ಇಳಿಜಾರಿನಲ್ಲಿ ಜಾರದೆ ಉರುಳುವ ಗಟ್ಟಿ ಗೋಳದ ವೇಗೋತ್ಕರ್ಷ ಕೇಳಿದರು ಅನ್ನಿ. ಘರ್ಷಣೆಯಿಲ್ಲದೆ ಜಾರಿದರೆ ಬರುವ ವೇಗೋತ್ಕರ್ಷ 1 ಅಂದುಕೊಂಡರೆ, ಉತ್ತರ ಸಿಲಿಂಡರ್‌ನ 2/3ಕ್ಕಿಂತ ಜಾಸ್ತಿ, 1ಕ್ಕಿಂತ ಕಡಿಮೆ ಅಂತ ಗೊತ್ತಿದ್ದರೆ ಪೆನ್ನು ಮುಟ್ಟದೆ 5/7ಕ್ಕೆ ಟಿಕ್ ಹಾಕಬಹುದು.

ಕೇಂಬ್ರಿಡ್ಜ್‌ ವಿಶ್ವವಿದ್ಯಾಲಯದವರ ಐಸಾಕ್ ಸೈನ್ಸ್‌ನಲ್ಲಿ (ಮೊದಲು ಐಸಾಕ್ ಫಿಸಿಕ್ಸ್ ಅಂತಿತ್ತು) ಈ ಆಟ ನಡೆಯಲ್ಲ. ಬಹಳಷ್ಟು ಕಡೆ ಇರುವುದು ಖಾಲಿ ಪೆಟ್ಟಿಗೆ. ಅದೇ ಗೋಳ, 30 ಡಿಗ್ರಿ ಇಳಿಜಾರು ಅಂದರೆ 3.50 ಬರಬೇಕು, ಯೂನಿಟ್ಟೂ ಸರಿಯಿರಬೇಕು. ದಶಾಂಶದ ಅಂಕಿ ಸುಮ್ನೆ ಉದ್ದ ಬರೆದರೂ ಬಿಡಲ್ಲ. ಇಂಥ ಲೆಕ್ಕದಲ್ಲಿ ನಮ್ಮವರು ಘರ್ಷಣೆ ಕಂಡ ಕೂಡಲೇ ‘ಮ್ಯೂ ಎನ್’ (ಘರ್ಷಣಾಂಕ ಗುಣಿಸು ಲಂಬ ಬಲ) ಬರೆದುಬಿಡುತ್ತಾರೆ. ಅದು ಗರಿಷ್ಠ ಮಿತಿ ಅಷ್ಟೆ. ಇಲ್ಲಿ ಘರ್ಷಣೆ ಎಷ್ಟು ಬೇಕೋ ಅಷ್ಟೇ ಇರುತ್ತೆ, ಅದನ್ನು ಟಾರ್ಕ್ (ಗೋಳವನ್ನು ತಿರುಗಿಸುವ ಪರಿಣಾಮ) ಸಮೀಕರಣದಿಂದ ತೆಗೆಯಬೇಕು. ಆಯ್ಕೆಗಳಿದ್ದರೆ ಈ ಗೊಂದಲ ಹೊರಗೇ ಬರಲ್ಲ, ಖಾಲಿ ಪೆಟ್ಟಿಗೆ ಹೊರಗೆಳೆಯುತ್ತೆ. ಸುಳಿವು ಕೊಡ್ತಾರೆ, ಉತ್ತರ ಕೊಡಲ್ಲ. ಸಿಟ್ಟು ಬರುತ್ತೆ, ಆದರೆ ನನ್ನ ಕೈ ಪಳಗಿದ್ದು ಇಲ್ಲೇ. ಕೊರತೆ ಅಂದರೆ ಪಿಯುಸಿಯಿಂದ ಡಿಗ್ರಿ ಮೊದಲ ವರ್ಷದವರೆಗೆ ಚೆನ್ನ, ಅದರಾಚೆಗೆ ಸಾಲದು.

ಅಲ್ಲಿಂದ ಮುಂದಕ್ಕೆ ಅಮೆರಿಕದ ಎಂಐಟಿಯ ಓಪನ್‌ಕೋರ್ಸ್‌ವೇರ್. ಅಲೆಗಳ ಬಗ್ಗೆ ಪ್ರೊಫೆಸರ್ ವಿಟ್ ಬುಸ್ಜಾ ಬೋರ್ಡ್ ಮೇಲೆ ಲೆಕ್ಕ ಬಿಡಿಸುವ ವಿಡಿಯೊಗಳನ್ನು ನೋಡಿ. ಸೂತ್ರಕ್ಕೆ ಕೈ ಹಾಕುವ ಮೊದಲು ಅಲ್ಲಿ ನಡೆಯುತ್ತಿರುವುದೇನು ಅಂತ ಬಿಡಿಸಿ ಹೇಳುತ್ತಾರೆ. ನಮ್ಮ ಮಲೆನಾಡಿಗೆ ಇನ್ನೊಂದು ಅನುಕೂಲ: ಎಲ್ಲ ಡೌನ್‌ಲೋಡ್ ಮಾಡಿಟ್ಟುಕೊಳ್ಳಬಹುದು. ಆಗುಂಬೆ ಕಡೆ ಮಳೆ ಹಿಡಿದು ಕರೆಂಟು ಹೋದರೆ ನೆಟ್‌ವರ್ಕೂ ಹೋಯ್ತು, ಅಲ್ವಾ? ಪ್ರಿಂಟ್ ಹಾಕಿಸಿದ ಹಾಳೆಗೆ ಅದರ ಹಂಗಿಲ್ಲ. ಆದರೆ ಎಷ್ಟೋ ಕೋರ್ಸ್‌ಗಳಲ್ಲಿ ಉತ್ತರದ ಪಿಡಿಎಫ್ ಪಕ್ಕದಲ್ಲೇ ಇರುತ್ತೆ. ಅದನ್ನು ರೂಮ್‌ಮೇಟ್ ಫೋನಿಗೆ ಕಳಿಸಿ, ನಿಮ್ಮದರಿಂದ ಅಳಿಸಿಬಿಡಿ.

ಬಿಎಸ್ಸಿಗೆ ಈಗಷ್ಟೇ ಸೇರಿದ ತಮ್ಮ ತಂಗಿಯರಿಗೆ ಐಸಾಕ್ ಹಚ್ಚಿಕೊಡಿ. ಎಂಎಸ್ಸಿಯವರಿಗೆ ಎಂಐಟಿ. ಸರ್ಟಿಫಿಕೇಟ್ ಬೇಕಿದ್ದವರು ಮಾತ್ರ ಎನ್‌ಪಿಟಿಇಎಲ್ ಪರೀಕ್ಷೆಗೆ ದುಡ್ಡು ಕಟ್ಟಿ, ಪಾಠ ಹೇಗೂ ಪುಕ್ಕಟೆ.