ಒಂದು ಕಾಲ್ ಎರಡಾಗಿ ಬರ್ತಿದೆಯಾ? ರೂಟರ್ ಬದಲಿಸಲು ಹೋಗಬೇಡಿ

ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ. ಇನ್ನೊಬ್ಬರು ಹೀಗೆ ದುಡ್ಡು ಕಳೆದುಕೊಳ್ಳಬಾರದು.

ಕಾಸರಗೋಡಿನಲ್ಲಿ ನಮ್ಮದು ಪಂಪ್‌ಸೆಟ್ ರಿಪೇರಿ. ಕುಂಬಳೆ, ಬದಿಯಡ್ಕದಲ್ಲೂ ಹುಡುಗರಿದ್ದಾರೆ. ಮೂರು ಕಡೆಗೂ ಕಾಲ್ ಹಂಚಲು ಒಬ್ಬನಿಂದ ಕಮೈಲಿಯೊ ಪ್ರಾಕ್ಸಿ ಸರ್ವರ್ (ಬಂದ ಇಂಟರ್ನೆಟ್ ಕಾಲನ್ನು ಬೇಕಾದ ಫೋನಿಗೆ ದಾಟಿಸುವ ಸಾಫ್ಟ್‌ವೇರ್) ಹಾಕಿಸಿದೆವು. ಎರಡೇ ವಾರ. ಗಿರಾಕಿ ಒಂದು ಸಲ ಫೋನ್ ಮಾಡಿದರೆ ಎರಡು ಕಡೆ ರಿಂಗ್. ಒಬ್ಬ ಮಾತಾಡುತ್ತಾನೆ, ಇನ್ನೊಬ್ಬ ಎತ್ತಿದ ಕೂಡಲೇ ಕಟ್. ಅವನು ತಿರುಗಿ ಫೋನ್ ಮಾಡಿದರೆ ಮನೆಯವರು "ಹೌದು, ಬನ್ನಿ" ಅನ್ನುತ್ತಾರೆ. ಪೆರ್ಲದ ಒಂದೇ ತೋಟಕ್ಕೆ ನಮ್ಮ ಇಬ್ಬರು ಹುಡುಗರು ಟೂಲ್ ಬ್ಯಾಗ್ ಹಿಡಿದು ಹೋಗಿ ನಿಂತರು! ತೋಟದ ಅಜ್ಜ ನನಗೇ ಫೋನ್ ಮಾಡಿ, "ಎರಡು ಚಾರ್ಜ್ ಹಾಕ್ಲಿಕ್ಕಾ?" ಅಂತ ಕೇಳಿದರು. ಏನು ಹೇಳಲಿ?

ಸರ್ವರ್ ಹಾಕಿದವನಿಗೆ ಹೇಳಿದೆ. "ನಿಮ್ಮ ನೆಟ್ ಸರಿ ಇಲ್ಲ ಸಾರ್, ರೂಟರ್ ಬದಲಿಸಿ." ಅವನೇ ತಂದ, 9,000 ಕೊಟ್ಟೆ. ಅದೇ ಕಥೆ. "ಗಡಿ ಭಾಗ ಅಲ್ವಾ ಸಾರ್, ಲೈನೇ ಹಾಗೆ." ಮತ್ತೆ 4,000 ತೆಗೆದುಕೊಂಡು ಏನೋ ಮಾಡಿದ. ಡಬಲ್ ನಿಂತಿತು, ನಾನು ಥ್ಯಾಂಕ್ಸ್ ಬೇರೆ ಹೇಳಿದೆ! ಆಮೇಲೆ ಗೊತ್ತಾಯಿತು, ಒಂದೇ ನಂಬರಿನಿಂದ ಒಂದು ನಿಮಿಷದೊಳಗೆ ಎರಡನೇ ಕಾಲ್ ಬಂದರೆ ಬಿಸಾಡುವ ಹಾಗೆ ಬರೆದಿಟ್ಟಿದ್ದ. ಲೈನ್ ಬಿಜಿ ಇತ್ತೆಂದು ಮತ್ತೆ ಒತ್ತಿದ ಗಿರಾಕಿಗಳೆಲ್ಲ ಕೈತಪ್ಪಿದರು.

ಕೊನೆಗೆ ಅಕ್ಕನ ಮಗ ಬಂದು ಸರ್ವರ್‌ನಲ್ಲಿ ಎಸ್‌ಎನ್‌ಗ್ರೆಪ್ ಓಡಿಸಿದ, ಕಾಲಿನ ಸಂದೇಶಗಳನ್ನು ಬಂದ ಹಾಗೇ ತೋರಿಸುವ ಟೂಲ್ ಅದು. ಒಳಗೆ ಬಂದ ಇನ್ವೈಟ್, ಅಂದರೆ ಕಾಲ್ ಶುರು ಮಾಡುವ ಸಂದೇಶ, ಎರಡು. ಕಾಲ್-ಐಡಿ (ಕಾಲಿನ ಗುರುತು) ಅದೇ, ಸಿಸೆಕ್ (ಸಂದೇಶದ ಕ್ರಮಸಂಖ್ಯೆ) ಅದೇ, ವಿಯಾ ಸಾಲಿನ ಬ್ರಾಂಚ್ (ಆ ಒಂದು ಕೋರಿಕೆಯ ಗುರುತು) ಅಕ್ಷರಕ್ಕೆ ಅಕ್ಷರ ಅದೇ. ನಡುವೆ ಅರ್ಧ ಸೆಕೆಂಡ್. "ಮಾವ, ಇದು ಎರಡು ಕಾಲ್ ಅಲ್ಲ. ಒಂದನ್ನೇ ಮತ್ತೆ ಕಳಿಸಿದ್ದು." ಸಂದೇಶ ತಲುಪಿತೋ ಇಲ್ಲವೋ ಅಂತ ತಾನಾಗಿ ನೋಡದ ಯುಡಿಪಿಯಲ್ಲಿ ಕಳಿಸಿದವರಿಗೆ ಉತ್ತರ ಬಾರದಿದ್ದರೆ 500 ಮಿಲಿಸೆಕೆಂಡಿಗೆ ಮತ್ತೆ ಕಳಿಸಬೇಕು, ಆಮೇಲೆ 1 ಸೆಕೆಂಡ್ ಬಿಟ್ಟು, 2 ಬಿಟ್ಟು, 4 ಬಿಟ್ಟು. ಇಂಟರ್ನೆಟ್ ಕಾಲಿನ ನಿಯಮಗಳಿರುವ 2002ರ ಆರ್‌ಎಫ್‌ಸಿ 3261ರಲ್ಲೇ ಇರುವ ನಿಯಮ. ನಮ್ಮ ಸರ್ವರ್ ಗಿರಾಕಿಯ ಹೆಸರನ್ನು ಡೇಟಾಬೇಸಿನಲ್ಲಿ ಹುಡುಕಿ ಮುಗಿಸುವ ತನಕ '100 ಟ್ರೈಯಿಂಗ್' (ಸಿಕ್ಕಿದೆ, ನೋಡ್ತಿದ್ದೇನೆ ಅನ್ನುವ ಉತ್ತರ) ಕಳಿಸುತ್ತಲೇ ಇರಲಿಲ್ಲ. ಅಷ್ಟರಲ್ಲಿ ಎರಡನೇ ಇನ್ವೈಟ್ ಬರುತ್ತದೆ, ಸರ್ವರಿನ ಇನ್ನೊಂದು ಪ್ರೋಸೆಸ್ ಅದನ್ನು ಹೊಸ ಕಾಲ್ ಅಂದುಕೊಂಡು ಮುಂದಿನ ಫೋನಿಗೆ ತಳ್ಳುತ್ತದೆ. ತಪ್ಪು ಕಮೈಲಿಯೊದ್ದಲ್ಲ, ಅದರ ಸೆಟ್ಟಿಂಗ್ ಬರೆದವನದ್ದು. ಹುಡುಕುವ ಮೊದಲೇ ಟ್ರಾನ್ಸಾಕ್ಷನ್ ತೆರೆದು (ಈ ಇನ್ವೈಟ್ ಬಂದಿದೆ ಅಂತ ಗುರುತಿಟ್ಟು) 100 ಕಳಿಸುವಂತೆ ಹುಡುಗ ಎರಡು ಸಾಲು ಸೇರಿಸಿದ, ಆ ಒಂದು ನಿಮಿಷದ ರೂಲ್ ಕಿತ್ತು ಹಾಕಿದ. ಸರಿಯಾಯಿತು. ಎರಡೇ ಸಾಲು! ನನ್ನ 13,000!

ಸರ್ವರ್ ಹಾಕಿದವನಿಗೆ ಫೋನ್ ಮಾಡಿ ಹೇಳಿದರೆ, "ಆ... ಅದೂ ಇರಬಹುದು ಸಾರ್" ಅಂದ. ಅಷ್ಟೇ. ಆಗ ಹತ್ತಿದ ಸಿಟ್ಟು ಇನ್ನೂ ಇಳಿದಿಲ್ಲ.

ಟ್ರೇಸ್ (ಆ ಸಂದೇಶಗಳ ದಾಖಲೆ) ತೋರಿಸದೆ "ನೆಟ್ ಸರಿ ಇಲ್ಲ" ಅನ್ನುವವರಿಗೆ ಒಂದು ಪೈಸೆ ಕೊಡಬೇಡಿ. ಒಳಗೆ ಬಂದ ಎರಡೂ ಇನ್ವೈಟ್‌ಗಳ ಬ್ರಾಂಚ್ ಒಂದೇನಾ ಅಂತ ಮೊದಲು ನೋಡಿ. ಒಂದೇ ಆಗಿದ್ದರೆ ನಿಮ್ಮ ಸರ್ವರ್ ಉತ್ತರ ಕೊಡುವುದು ತಡ ಆಗ್ತಿದೆಯಾ ನೋಡಿ.

ರೂಟರ್ ಹಣ ಕೇಳಿದ್ದಕ್ಕೆ "ರೂಟರ್ ನಿಮ್ಮ ಹತ್ತಿರವೇ ಇದೆಯಲ್ಲ ಸಾರ್" ಅಂದ. ಆ 4,000 ಕೇಳಿ ಮೆಸೇಜ್ ಹಾಕಿ ಹದಿನೈದು ದಿನ ಆಯ್ತು. ನೋಡಿದ್ದಾನೆ, ಉತ್ತರ ಇಲ್ಲ.