ಡಬ್ಲ್ಯುಟಿಒ ಡಾಕ್ಯುಮೆಂಟ್ಸ್ ಆನ್‌ಲೈನ್: ಸಂಕೇತ ಗೊತ್ತಿದ್ದರೆ ಬಹಳ ಉಪಯೋಗ

ವಿಶ್ವ ವ್ಯಾಪಾರ ಸಂಸ್ಥೆಯ ಈ ದಾಖಲೆ ತಾಣಕ್ಕೆ ದುಡ್ಡೂ ಬೇಡ, ಲಾಗಿನ್ನೂ ಬೇಡ. ವ್ಯಾಪಾರದ ನಿಯಮ ಯಾರು, ಹೇಗೆ ಮಾಡಬೇಕು ಎಂಬುದರ ಮೇಲೇ ದೇಶಗಳು ಯಾಕೆ ಜಗಳಾಡುತ್ತಿವೆ ಎಂಬುದು ಪತ್ರಿಕೆಯ ನಾಲ್ಕು ಸಾಲಿನಲ್ಲಿ ತಿಳಿಯುವುದಿಲ್ಲ. ಇಲ್ಲಿ ಮೂಲ ಕಾಗದವೇ ಸಿಗುತ್ತದೆ. ಕಾಸರಗೋಡಿನ ಅರ್ಥಶಾಸ್ತ್ರದ ವಿದ್ಯಾರ್ಥಿಗಳೂ ಮೀನುಗಾರರ ಸಂಘಗಳೂ ಖಂಡಿತ ಬಳಸಬೇಕು.

ವಿಷಯದ ಪದ ಹಾಕಿ ಹುಡುಕಬೇಡಿ, ರಾಶಿ ಕಡತ ಬಂದು ಬೀಳುತ್ತದೆ. ಪ್ರತಿ ಕಾಗದಕ್ಕೂ ಒಂದು ಗುರುತಿನ ಸಂಕೇತವಿದೆ. ಉದಾಹರಣೆಗೆ, ದಾಖಲೆ ಸಂಕೇತದ ಖಾನೆಯಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ‘ಡಬ್ಲ್ಯುಟಿ/ಜಿಸಿ/ಡಬ್ಲ್ಯು/819’ ಎಂದು ಬರೆದು, ಕೊನೆಗೊಂದು ನಕ್ಷತ್ರ ಚಿಹ್ನೆ ಹಾಕಿ. ನಕ್ಷತ್ರ ಬಿಟ್ಟರೆ ಮೊದಲ ಪ್ರತಿ ಮಾತ್ರ ಬಂದು ಪರಿಷ್ಕೃತ ‘ರೆವ್.1’ ತಪ್ಪಿಹೋಗಬಹುದು. ಎರಡನ್ನೂ ವರ್ಡ್ ಕಡತವಾಗಿ ಇಳಿಸಿಕೊಂಡು ವರ್ಡ್‌ನಲ್ಲಿರುವ ‘ಕಂಪೇರ್’ ಒತ್ತಿದರೆ ಯಾವ ಸಾಲು ಬದಲಾಗಿದೆ ಎಂಬುದು ಎದುರಿಗೇ ಕಾಣುತ್ತದೆ.

ಈ 819 ಎಂದರೆ 2021ರ ಫೆಬ್ರುವರಿಯಲ್ಲಿ ಭಾರತ, ದಕ್ಷಿಣ ಆಫ್ರಿಕಾ ಕೊಟ್ಟ ಕಾಗದ. ಕೆಲವು ದೇಶಗಳಷ್ಟೇ ಕೂತು ಮಾಡಿದ ‘ಜಂಟಿ ಹೇಳಿಕೆ’ ಒಪ್ಪಂದಗಳನ್ನು ಎಲ್ಲರ ಒಪ್ಪಿಗೆಯಿಲ್ಲದೆ ಸಂಸ್ಥೆಯ ನಿಯಮಗಳೊಳಗೆ ತರುವಂತಿಲ್ಲ ಎಂಬುದು ಅದರ ವಾದ. ಸಂಸ್ಥೆಯನ್ನು ಸ್ಥಾಪಿಸಿದ ಮರಕೇಶ್ ಒಪ್ಪಂದದ 10ನೇ ವಿಧಿಯ 9ನೇ ಉಪವಿಧಿಯನ್ನು ಪಕ್ಕದಲ್ಲಿಟ್ಟು ಓದಿ: ಒಪ್ಪಿದ ಸದಸ್ಯರಿಗಷ್ಟೇ ಅನ್ವಯಿಸುವ ಒಪ್ಪಂದಗಳ ಪಟ್ಟಿಯಾದ ಅನುಬಂಧ 4ಕ್ಕೆ ಹೊಸ ಒಪ್ಪಂದ ಸೇರಲು ಸರ್ವಸಮ್ಮತಿಯೇ ಬೇಕು. 120ಕ್ಕೂ ಹೆಚ್ಚು ಸದಸ್ಯರು ಬೆಂಬಲಿಸಿದ್ದ ಹೂಡಿಕೆ ಒಪ್ಪಂದ 2024ರಲ್ಲಿ ಅಬುಧಾಬಿಯ ಸಚಿವರ ಸಭೆಯಲ್ಲಿ ನಿಂತುಹೋದದ್ದು ಈ ನಿಯಮದಲ್ಲೇ. ಹೀಗಾದರೆ 166 ಸದಸ್ಯರ ಸಂಸ್ಥೆಯಲ್ಲಿ ಏನೂ ಮುಂದೆ ಹೋಗದು ಎನ್ನುವವರ ಮಾತಿಗೂ ತೂಕವಿದೆ. ಆದರೂ ಬಡ ದೇಶಗಳ ಕೈಯಲ್ಲಿ ಉಳಿದಿರುವ ಹಿಡಿತ ಈ ಸರ್ವಸಮ್ಮತಿಯ ನಿಯಮ, ಬಿಟ್ಟುಕೊಡಬಾರದು.

ಕೊರತೆಗಳೂ ಇವೆ. ‘ಜಾಬ್’ ಎಂದು ಶುರುವಾಗುವ ಎಷ್ಟೋ ಮಾತುಕತೆಯ ಕಾಗದಗಳು ಹೊರಗಿನವರಿಗೆ ತೆರೆಯುವುದಿಲ್ಲ. ಸಭೆಯ ನಡಾವಳಿ ಸದಸ್ಯರಿಗೆ ಹಂಚಿ 45 ದಿನ ಕಳೆದ ಮೇಲೆ ನಮಗೆ. ಆಯ್ದ ಕೆಲವರನ್ನೇ ಕರೆಯುವ ‘ಗ್ರೀನ್ ರೂಮ್’ ಸಭೆಗಳದ್ದಂತೂ ಹುಡುಕಿದರೂ ನಡಾವಳಿ ಸಿಗದು. ನಿಜವಾದ ಚೌಕಾಶಿ ನಡೆಯುವುದೇ ಅಲ್ಲಿ, ಹಾಗಾಗಿ ಇದು ಸಣ್ಣ ಕೊರತೆಯಲ್ಲ. ಭಾಷೆ ಇಂಗ್ಲಿಷ್, ಫ್ರೆಂಚ್, ಸ್ಪ್ಯಾನಿಷ್ ಮಾತ್ರ.

ಔಟ್‌ಬೋರ್ಡ್ ಎಂಜಿನ್ ದೋಣಿಯವರು, ಸೀಮೆಎಣ್ಣೆ ಸಬ್ಸಿಡಿ ನೆಚ್ಚಿದವರು ಮೀನುಗಾರಿಕೆ ಸಬ್ಸಿಡಿಯ ಮಾತುಕತೆಯ ಕಾಗದಗಳಿರುವ ‘ಟಿಎನ್/ಆರ್‌ಎಲ್/ಡಬ್ಲ್ಯು’ ಸರಣಿ ನೋಡಿ. ಮೀನುಗಾರಿಕೆ ಸಬ್ಸಿಡಿಯ ಮೊದಲ ಒಪ್ಪಂದ 2025ರ ಸೆಪ್ಟೆಂಬರ್ 15ರಂದು ಜಾರಿಗೆ ಬಂದಿದೆ. ಅತಿ ಮೀನುಗಾರಿಕೆಗೆ ದಾರಿಯಾಗುವ ಸಬ್ಸಿಡಿಗಳ ಎರಡನೇ ಹಂತದ ಮಾತುಕತೆಯಲ್ಲಿ ಭಾರತ 25 ವರ್ಷದ ಕಾಲಾವಕಾಶ ಕೇಳಿದೆ. ದಿನಾಂಕದ ಖಾನೆಯಲ್ಲಿ 2022ರ ಜುಲೈಯಿಂದ ಈಚೆಗೆ ಎಂದು ಹಾಕಿದರೆ ಹಳೆಯ ಕರಡುಗಳು ಅಡ್ಡ ಬರುವುದಿಲ್ಲ.